ವಿಮಾನ ತೂಗಿದ ತಮ್ಮ

ಅಂದು ಬೆಳಗ್ಗೆ ಆರು ಗಂಟೆಗೆ ದೊಡ್ಡಕ್ಕ ಎಂದಿನಂತೆ ಎರಡು ಲೋಟ ಚಹಾ ಹಿಡಿದು ಮೆಟ್ಟಿಲಿಳಿದು ಅಂಗಡಿಗೆ ಬಂದಳು. ತಮ್ಮ ಕೆಲಸದ ಮೇಜಿನ ಮುಂದೆ ಕುರ್ಚಿಯಲ್ಲಿ ಕುಳಿತಿದ್ದ. ತಲೆ ಹಿಂದಿನ ಗೋಡೆಗೆ ಒರಗಿತ್ತು. ಕನ್ನಡಕವನ್ನು ತೆಗೆದು ಕೈಯಲ್ಲಿ ಹಿಡಿದುಕೊಂಡಿದ್ದ.

"ಏನೋ, ಬಾಗಿಲು ತೆಗೆಯೋಕೆ ಮುಂಚೇನೇ ನಿದ್ದೆನಾ? ಗಿರಾಕಿ ಬಂದ್ರೆ ನಾನು ರಿಪೇರಿ ಮಾಡ್ಲಾ?" ಎಂದು ಲೋಟವನ್ನು ಅವನ ಮುಂದಿಟ್ಟಳು.

ಬೇರೆ ದಿನವಾಗಿದ್ದರೆ "ಮಾಡು, ಸಂಜೆ ಹೊತ್ತಿಗೆ ಊರೆಲ್ಲ ದಿವಾಳಿ" ಎಂದು ಕಣ್ಣು ಮುಚ್ಚಿಕೊಂಡೇ ಉತ್ತರ ಕೊಡುತ್ತಿದ್ದ. ಈ ದಿನ ಉತ್ತರ ಬರಲಿಲ್ಲ. ಭುಜ ಮುಟ್ಟಿದಳು. ಕೈ ಮುಟ್ಟಿದಳು. ಕೈ ತಣ್ಣಗಿತ್ತು. ದೊಡ್ಡಕ್ಕ ಅವನ ಬೆರಳುಗಳಿಂದ ಕನ್ನಡಕವನ್ನು ಮೆಲ್ಲನೆ ಬಿಡಿಸಿಕೊಂಡು, ಮೇಜಿನ ಮೇಲಿದ್ದ ಮೆತ್ತನೆ ಬಟ್ಟೆಯಿಂದ ಗಾಜು ಒರೆಸಿದಳು. ಯಾಕೆ ಒರೆಸಿದೆನೆಂದು ಅವಳಿಗೇ ತಿಳಿಯಲಿಲ್ಲ.

ಅವಳು ಕೂಗಿದ್ದು ಕೇಳಿ ಎದುರಿನ ಔಷಧಿ ಅಂಗಡಿಯವನು ಓಡಿ ಬಂದು ನಾಡಿ ನೋಡಿದ. ಕಣ್ಣು ಬಿಡಿಸಿ ನೋಡಿದ. ಆಮೇಲೆ ಕೈ ಜೋಡಿಸಿದ.

"ಹೋಗಿಬಿಟ್ಟಿದಾರೆ ದೊಡ್ಡಕ್ಕ. ಒಂದು ಗಂಟೆ ಆಗಿರಬಹುದು. ನೋವು ಪಟ್ಟ ಹಾಗೆ ಕಾಣಲ್ಲ."

"ನನ್ನ ಸರದಿ ಕಣಪ್ಪಾ ಇದು," ಎಂದಳು ದೊಡ್ಡಕ್ಕ. "ಇವನಿಗಿಂತ ಐದು ವರ್ಷಕ್ಕೆ ದೊಡ್ಡೋಳು ನಾನು. ಚಿಕ್ಕಂದಿನಿಂದ್ಲೂ ಇವನಿಗೆ ಸಾಲಿನಲ್ಲಿ ನಿಲ್ಲೋ ಅಭ್ಯಾಸ ಇಲ್ಲ. ನುಗ್ಗಿಬಿಡ್ತಾನೆ."

ಹಾಗೆ ಹೇಳಿದ ಮೇಲೆ ಅವಳಿಗೆ ಅಳು ಬಂತು.

ಅವರ ಅಪ್ಪನ ಕಾಲದಿಂದ ಅದು ತಕ್ಕಡಿ ರಿಪೇರಿಯ ಅಂಗಡಿ. ಕೆಳಗೆ ಅಂಗಡಿ, ಮೇಲೆ ಮೂರು ಕೋಣೆಯ ಮನೆ. ತರಕಾರಿಯವರ ತಕ್ಕಡಿ, ಚಿನ್ನದಂಗಡಿಯ ಸಣ್ಣ ತಕ್ಕಡಿ, ಗೋದಾಮಿನಲ್ಲಿ ಮೂಟೆ ತೂಗುವ ಯಂತ್ರ ಎಲ್ಲವೂ ಅಲ್ಲಿಗೆ ಬರುತ್ತಿದ್ದವು. ತಮ್ಮ ಅವುಗಳ ಕೊರತೆ ಸರಿಪಡಿಸಿ, ಸರಿಯಿದೆ ಎಂದು ತನ್ನ ಪರವಾನಗಿಯ ಮುದ್ರೆ ಒತ್ತಿ ಕಳಿಸುತ್ತಿದ್ದ. ಬೀದಿಗೆಲ್ಲ ಅವನು ತಕ್ಕಡಿ ತಾತ. ಮದುವೆಯಾದ ಎರಡೇ ವರ್ಷಕ್ಕೆ ಗಂಡನನ್ನು ಕಳೆದುಕೊಂಡ ದೊಡ್ಡಕ್ಕ ಅಂದಿನಿಂದ ಈ ಮನೆಯಲ್ಲೇ ಇದ್ದಳು. ಆಮೇಲೆ ತಮ್ಮನ ಹೆಂಡತಿ ತೀರಿಹೋದಳು. ಒಬ್ಬನೇ ಮಗ ಜ್ವರ ಬಂದು ಹೋದ. ಉಳಿದವರು ಆ ಮಗನ ಹೆಂಡತಿ ಮತ್ತು ಅವಳ ಮಗಳು ಪುಟ್ಟಿ.

ಸೊಸೆ ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಕೆಲಸ ಮಾಡುತ್ತಿದ್ದಳು. ಸುದ್ದಿ ಕೇಳಿ ಮೇಲಿನಿಂದ ಬರಿಗಾಲಲ್ಲಿ ಓಡಿ ಬಂದವಳು ಮಾವನ ಪಾದ ಹಿಡಿದು ಅತ್ತಳು. ಬಹಳ ಹೊತ್ತು ಅತ್ತಳು. ಆಮೇಲೆ ಇದ್ದಕ್ಕಿದ್ದಂತೆ ಅಳು ನಿಲ್ಲಿಸಿ ಗೋಡೆಯ ಗಡಿಯಾರ ನೋಡಿದಳು.

"ಅತ್ತೆ, ಇವತ್ತು ಪುಟ್ಟಿ ಪರೀಕ್ಷೆ."

ದೊಡ್ಡಕ್ಕನೂ ಗಡಿಯಾರ ನೋಡಿದಳು.

ಪುಟ್ಟಿ ಅಲ್ಲಿಂದ ನಾಲ್ಕು ಗಂಟೆ ಪ್ರಯಾಣದ ದೂರದಲ್ಲಿ ವಿಮಾನ ನಡೆಸುವುದನ್ನು ಕಲಿಯುತ್ತಿದ್ದಳು. ಅಂದು ಹತ್ತು ಗಂಟೆಗೆ ಅವಳ ಕೊನೆಯ ಹಾರಾಟದ ಪರೀಕ್ಷೆ. ಮೊದಲ ಸಲ ಮೋಡ ಕವಿದು ನಿಂತುಹೋಗಿತ್ತು. ಎರಡನೆಯ ಸಲ ಪರೀಕ್ಷಕರೇ ಬರಲಿಲ್ಲ. ಅವಳು ಬರೆದು ಪಾಸಾಗಿದ್ದ ಪತ್ರಿಕೆಗಳ ಅವಧಿ ಈ ತಿಂಗಳ ಕೊನೆಗೆ, ಅಂದರೆ ಇನ್ನು ಮೂರು ದಿನಕ್ಕೆ ಮುಗಿಯುತ್ತಿತ್ತು. ಅಷ್ಟರೊಳಗೆ ಹಾರಿ ತೋರಿಸದಿದ್ದರೆ ಎಲ್ಲವನ್ನೂ ಮೊದಲಿನಿಂದ ಬರೆಯಬೇಕು, ಮತ್ತೆ ಶುಲ್ಕ ಕಟ್ಟಬೇಕು. ಇನ್ನೊಮ್ಮೆ ಕಟ್ಟಲು ಆ ಮನೆಯಲ್ಲಿ ಏನೂ ಉಳಿದಿರಲಿಲ್ಲ.

"ಒಂಬತ್ತೂವರೆಗೆ ಫೋನು ಮಾಡ್ತಾಳೆ," ಎಂದಳು ಸೊಸೆ. "ಮಾವನ್ನ ಕೇಳ್ತಾಳೆ."

ವಿಮಾನ ಹತ್ತುವ ಮೊದಲು ಪುಟ್ಟಿ ತಪ್ಪದೆ ಅಂಗಡಿಗೆ ಫೋನು ಮಾಡುವಳು. ಕೇಳುವುದು ಒಂದೇ ಮಾತು: "ತಾತಾ, ಮುಳ್ಳು ನಡುವೆ ಇದೆಯಾ?" ಅಂಗಡಿಯ ನಡುವೆ ತೊಲೆಗೆ ತೂಗುಬಿಟ್ಟ ಅಪ್ಪನ ಕಾಲದ ದೊಡ್ಡ ತಕ್ಕಡಿಯೊಂದಿತ್ತು. ತಾತ ಫೋನನ್ನು ಮೇಜಿನ ಮೇಲಿಟ್ಟು, ಎದ್ದು ಹೋಗಿ, ಆ ತಕ್ಕಡಿಯ ಎರಡೂ ತಟ್ಟೆ ಖಾಲಿ ಇವೆಯೇ, ಮುಳ್ಳು ಸರಿಯಾಗಿ ನಡುವೆ ನಿಂತಿದೆಯೇ ನೋಡಿ ಬಂದು, "ನಡುವೆ ಇದೆ. ಹೋಗಿ ಬಾ" ಎನ್ನುವನು. ಒಂದು ನಿಮಿಷದ ಹಿಂದೆ ನೋಡಿದ್ದರೂ ಮತ್ತೆ ಎದ್ದು ಹೋಗುವನು. "ಕೂತಲ್ಲಿಂದ್ಲೇ ಹೇಳಿದ್ರೆ ಅವಳಿಗೇನು ಗೊತ್ತಾಗುತ್ತೆ?" ಎಂದು ದೊಡ್ಡಕ್ಕ ಎಷ್ಟೋ ಸಲ ಹಾಸ್ಯ ಮಾಡಿದ್ದಳು. "ಅವಳಿಗೆ ಗೊತ್ತಾಗಲ್ಲ, ನನಗೆ ಗೊತ್ತಾಗುತ್ತಲ್ಲ" ಎನ್ನುವನು.

"ಅತ್ತೆ, ಫೋನು ನೀವು ತಗೊಳ್ಳಿ," ಎಂದಳು ಸೊಸೆ. "ನನ್ನ ದನಿ ಕೇಳಿದ್ರೆ ಅವಳಿಗೆ ತಿಳಿದುಬಿಡುತ್ತೆ. ನೀವು ಗಟ್ಟಿ. ತಾತ ಮಾರ್ಕೆಟ್ಟಿಗೆ ಹೋಗಿದಾನೆ, ಮುಳ್ಳು ನೋಡೇ ಹೋದ ಅಂತ ಹೇಳಿ. ಇದೊಂದು ದಿನ ದಾಟಲಿ. ಸಂಜೆ ನಾನೇ ಹೇಳ್ತೀನಿ."

"ಹೇಳ್ತೀನಿ," ಎಂದಳು ದೊಡ್ಡಕ್ಕ ತಡಮಾಡದೆ. "ಸುಳ್ಳಿಗೆ ದೇವರ ಮುಂದೆ ನಾನು ಉತ್ತರ ಕೊಟ್ಕೋತೀನಿ. ನೀನು ಯೋಚನೆ ಮಾಡ್ಬೇಡ."

ಅವಳು ಅಷ್ಟು ಬೇಗ ಒಪ್ಪಿಕೊಂಡದ್ದಕ್ಕೆ ಕಾರಣವಿತ್ತು. ಆ ಕಾರಣವನ್ನು ಅವಳು ಏಳು ವರ್ಷದಿಂದ ಎದೆಯಲ್ಲಿಟ್ಟುಕೊಂಡು ತಿರುಗಿದ್ದಳು.

ನೆರೆಯವರು ಬಂದು ತಮ್ಮನನ್ನು ಎತ್ತಿ ಒಳಗಿನ ಮಂಚದ ಮೇಲೆ ಮಲಗಿಸಿದರು. ದೊಡ್ಡಕ್ಕ ಅವನ ತಲೆಯ ಬಳಿ ದೀಪ ಹಚ್ಚಿಟ್ಟು, ದೇವರ ಹೆಸರು ಹೇಳುತ್ತ ಕುಳಿತಳು. ಬಾಯಿ ದೇವರ ಹೆಸರು ಹೇಳುತ್ತಿತ್ತು, ಮನಸ್ಸು ಹಿಂದಕ್ಕೆ ಹೋಗಿತ್ತು.

ಪುಟ್ಟಿ ಮೊದಲು ಹಾರಿದ್ದು ಆ ದೊಡ್ಡ ತಕ್ಕಡಿಯಲ್ಲೇ. ಅವಳ ಅಪ್ಪ ತೀರಿಹೋದ ವರ್ಷ ಅವಳಿಗೆ ಆರು ತುಂಬಿತ್ತು. ಯಾರ ಜೊತೆಗೂ ಮಾತಾಡುತ್ತಿರಲಿಲ್ಲ. ಒಂದು ದಿನ ತಾತ ಅವಳನ್ನು ಒಂದು ತಟ್ಟೆಯಲ್ಲಿ ಕೂರಿಸಿ, ಇನ್ನೊಂದು ತಟ್ಟೆಗೆ ಕಬ್ಬಿಣದ ತೂಕದ ಬಟ್ಟುಗಳನ್ನು ಒಂದೊಂದಾಗಿ ಹೇರಿದ. ಇದ್ದಕ್ಕಿದ್ದಂತೆ ಅವಳ ತಟ್ಟೆ ನೆಲ ಬಿಟ್ಟಿತು. ಮಗು ಸರಪಳಿ ಹಿಡಿದುಕೊಂಡು ಕಿಲಕಿಲ ನಕ್ಕಿತು. "ತಾತಾ, ಇನ್ನೂ ಮೇಲೆ!" ಎಂದಿತು. ಆ ವರ್ಷ ಅವಳ ಬಾಯಿಂದ ಬಂದ ಮೊದಲ ಮಾತು ಅದು. ಹತ್ತನೇ ವಯಸ್ಸಿಗೇ ದೊಡ್ಡವಳಾಗಿ ವಿಮಾನ ನಡೆಸುತ್ತೇನೆ ಎಂದು ಹಠ ಹಿಡಿದಳು. ಮಕ್ಕಳ ಮಾತೆಂದು ಎಲ್ಲರೂ ನಕ್ಕರು. ತಾತನೊಬ್ಬ ನಗಲಿಲ್ಲ.

ಹದಿನೆಂಟಾದಾಗಲೂ ಅದೇ ಹಠ. ಅಡವಿಲ್ಲದೆ ಸಾಲ ಇಲ್ಲವೆಂದು ಬ್ಯಾಂಕಿನವರು ಕೈ ಎತ್ತಿಬಿಟ್ಟರು. ಆಗ ತಮ್ಮ ಒಂದು ಸಂಜೆ ಅಕ್ಕನ ಮುಂದೆ ಕಾಗದ ಹಿಡಿದು ಕುಳಿತ. ಮನೆ ಇಬ್ಬರ ಹೆಸರಿನಲ್ಲಿತ್ತು. ಅದನ್ನು ಅಡ ಇಡಲು ಅವಳ ಸಹಿ ಬೇಕಿತ್ತು.

"ಅಪ್ಪ ಇಲ್ಲದ ಹುಡುಗೀನ ಗಾಳಿಗೆ ಎಸೀತೀಯಾ?" ಎಂದಿದ್ದಳು ದೊಡ್ಡಕ್ಕ. "ಬಿದ್ರೆ ಮೂಳೆ ಸಿಗಲ್ಲ. ಅವಳ ಜೊತೆ ನಮ್ಮಪ್ಪ ಕಟ್ಟಿಸಿದ ಸೂರನ್ನೂ ಎಸೀತೀಯಾ? ನನ್ನ ಕೈಯಿಂದ ಸಹಿ ಹಾಕಿಸ್ಬೇಡ."

ತಮ್ಮ ಕಾಗದ ಮಡಚಿಕೊಂಡು ಎದ್ದ. ಮತ್ತೆ ಕೇಳಲಿಲ್ಲ. ಲೋಹ ಕಡೆಯುವ ತನ್ನ ಲೇತ್ ಯಂತ್ರ ಮಾರಿದ. ಪುಟ್ಟಿ ಕೊರಿಯರ್ ಗೋದಾಮಿನಲ್ಲಿ ಪಾರ್ಸಲ್ ತೂಗುವ ಕೆಲಸಕ್ಕೆ ಸೇರಿ, ಊಟದ ಬಿಡುವಿನಲ್ಲಿ ಗಾಳಿಯ ಪಾಠ, ಮೋಡದ ಪಾಠ ಓದಿದಳು. ಹಾಗೆ ಎರಡು ವರ್ಷ ಹೋಯಿತು. ಆ ಎರಡು ವರ್ಷದಲ್ಲಿ ದೊಡ್ಡಕ್ಕನ ಮೇಲೆ ಯಾರೂ ಸಿಟ್ಟು ತೋರಿಸಲಿಲ್ಲ. ತೋರಿಸಿದ್ದರೆ ಅವಳಿಗೆ ಹಗುರವಾಗುತ್ತಿತ್ತು.

ಕೊನೆಗೆ ಕೂಡಿಟ್ಟ ಹಣದಲ್ಲಿ ಪುಟ್ಟಿ ಹಾರಾಟದ ಶಾಲೆ ಸೇರಿದಳು. ಸೇರಿದ ದಿನವೇ ಗಲಾಟೆ. ಅರ್ಜಿಯಲ್ಲಿ ತೂಕ ಎಷ್ಟೆಂದು ಕೇಳಿದ್ದರು. ಈ ಮನೆಯ ಹುಡುಗಿ ಇನ್ನೇನು ಬರೆದಾಳು? ಹಿಂದಿನ ದಿನ ತಾತನ ಯಂತ್ರದ ಮೇಲೆ ನಿಂತು ನೋಡಿಕೊಂಡಿದ್ದನ್ನೇ ಬರೆದಳು: ಐವತ್ತೊಂದು ಕಿಲೋ ಮುನ್ನೂರ ನಲವತ್ತು ಗ್ರಾಂ. ಸಾಲಿನಲ್ಲಿದ್ದವರೆಲ್ಲ ನಕ್ಕರು. ಹಿಂದೆ ನಿಂತಿದ್ದ ದಪ್ಪ ಹುಡುಗನೊಬ್ಬ "ಗ್ರಾಂ, ಗ್ರಾಂ" ಎಂದು ಕೂಗಿದ. ಅಲ್ಲಿಗೆ ಅದೇ ಅವಳ ಹೆಸರಾಯಿತು. ಅವಳೂ ಬಿಡದೆ ಅವನಿಗೆ ಮೂಟೆ ಎಂದು ಹೆಸರಿಟ್ಟಳು. ಆದರೆ ಶಾಲೆಯ ಯಂತ್ರದ ಮೇಲೆ ನಿಂತಾಗ ತೋರಿಸಿದ್ದು ನಲವತ್ತೇಳು. ಗುಮಾಸ್ತ ಹುಬ್ಬೇರಿಸಿ, "ಗ್ರಾಂ ಲೆಕ್ಕ ಕೊಡ್ತೀಯಾ, ಕಿಲೋನೇ ತಪ್ಪು. ಮೊದಲ ದಿನವೇ ಸುಳ್ಳು ಬರೆದ್ರೆ ಹೇಗಮ್ಮಾ?" ಎಂದನಂತೆ.

ಫೋನಿನಲ್ಲಿ ಅದನ್ನು ಕೇಳಿ ತಮ್ಮನ ಮುಖ ಕೆಂಪಾಯಿತು. "ನಮ್ಮ ಅಂಗಡಿ ತೂಕ ಸುಳ್ಳಾ?" ಎಂದ. ಮರುದಿನ ಇಪ್ಪತ್ತು ಕಿಲೋದ ಎರಡು ಕಬ್ಬಿಣದ ಬಟ್ಟುಗಳನ್ನು ಚೀಲಕ್ಕೆ ತುಂಬಿಸಿ, ಕೂಲಿಯವನಿಂದ ಬಸ್ಸಿಗೆ ಹಾಕಿಸಿ ಹೊರಟೇಬಿಟ್ಟ. ಕಂಡಕ್ಟರು "ಏನು ತಾತಾ, ಚೀಲದಲ್ಲಿ?" ಎಂದರೆ "ಮರ್ಯಾದೆ" ಎಂದನಂತೆ.

ಶಾಲೆಯ ಯಂತ್ರದ ಮೇಲೆ ಎರಡೂ ಬಟ್ಟು ಇಟ್ಟ. ನಲವತ್ತು ತೋರಿಸಬೇಕಾದ ಯಂತ್ರ ಮೂವತ್ತಾರೂವರೆ ತೋರಿಸಿತು. ಶಾಲೆಯ ಮುಖ್ಯಸ್ಥರು, ಎಲ್ಲರೂ ಕ್ಯಾಪ್ಟನ್ ಎನ್ನುವ ಗಂಭೀರ ಮನುಷ್ಯರು, ಅದನ್ನು ನೋಡಿ ನೇರ ಹೊರಗೆ ಹೋಗಿ ಅಂದಿನ ಹಾರಾಟಗಳನ್ನೆಲ್ಲ ನಿಲ್ಲಿಸಿದರು. ಇಬ್ಬರು ಕೂರುವ ಪುಟ್ಟ ವಿಮಾನದಲ್ಲಿ ಪ್ರತಿಯೊಬ್ಬರ ತೂಕವೂ ಕಡಿಮೆ ಬರೆದಿದ್ದರೆ ಅದು ನಗುವ ಮಾತಾಗಿರಲಿಲ್ಲ. ಎಲ್ಲರನ್ನೂ ಮತ್ತೆ ತೂಗಿದರು. ಮೂಟೆ ಮಾತ್ರ ತಾತನ ಮುಂದೆ ಬಂದು ಗೋಳಾಡಿದನಂತೆ: "ತಾತಾ, ನೀವು ಬಸ್ಸು ಇಳಿಯೋವಾಗ ನಾನು ತೊಂಬತ್ತಿದ್ದೆ. ಚಹಾ ಕುಡಿಯೋಷ್ಟರಲ್ಲಿ ತೊಂಬತ್ತೆಂಟೂವರೆ ಮಾಡಿಬಿಟ್ರಲ್ಲ!"

ಅಂದಿನಿಂದ ಶಾಲೆಯ ತೂಕದ ಯಂತ್ರಗಳೆಲ್ಲ ತಮ್ಮನ ಪಾಲಿಗೆ ಬಂದವು. ವರ್ಷಕ್ಕೊಮ್ಮೆ ವಿಮಾನಗಳನ್ನೇ ತೂಗುವ ಕೆಲಸವಿತ್ತು. ಮೂರು ಗಾಲಿಗಳ ಕೆಳಗೆ ಮೂರು ಯಂತ್ರ ಇಟ್ಟು, ಇಂಧನ ಖಾಲಿ ಮಾಡಿ ತೂಗಬೇಕು. ಆ ಯಂತ್ರಗಳನ್ನು ಸರಿಮಾಡಿ ಕೊಡುವವನು ಇವನು. ಕೂಲಿ ಬೇಡವೆಂದ. ಅದರ ಬದಲು ಪುಟ್ಟಿಯ ಹಾರಾಟದ ಗಂಟೆಗಳಲ್ಲಿ ಹಿಡಿದುಕೊಳ್ಳಿ ಎಂದ.

"ಅಕ್ಕಾ, ಇವತ್ತು ವಿಮಾನ ತೂಗಿದೆ," ಎಂದು ಒಂದು ಸಂಜೆ ಬಂದು ಹೇಳಿದ. "ಖಾಲಿ ಅಂತ ಹೇಳಿದ್ರು. ಸೀಟಿನ ಅಡಿ ಕೈ ಹಾಕಿದ್ರೆ ಯಾರೋ ಮರೆತ ಸ್ಪ್ಯಾನರು. ತೆಗೆದು ಕೈಗೆ ಕೊಟ್ಟೆ. ಖಾಲಿ ಅಂದ್ರೆ ಖಾಲಿ ಇರ್ಬೇಕು."

"ಎಷ್ಟಿತ್ತೋ?"

"ಐನೂರು ಕಿಲೋ ಚಿಲ್ಲರೆ. ಹತ್ತು ಚೀಲ ಸಿಮೆಂಟು, ಅಷ್ಟೇ."

"ಹತ್ತು ಚೀಲ ಸಿಮೆಂಟಿನ ಮೇಲೆ ಕೂತು ನಮ್ಮ ಮಗು ಆಕಾಶಕ್ಕೆ ಹೋಗುತ್ತಾ!" ಎಂದು ದೊಡ್ಡಕ್ಕ ಹಣೆ ಹಣೆ ಚಚ್ಚಿಕೊಂಡಳು.

ಮರುವಾರ ಅವನು ಅವಳನ್ನೂ ಕರೆದುಕೊಂಡು ಹೋದ. ಪುಟ್ಟಿ ವಿಮಾನದ ಸುತ್ತ ನಡೆಯುತ್ತ ಒಂದೊಂದು ತಿರುಪನ್ನೂ ಬೆರಳಿನಿಂದ ಮುಟ್ಟಿ ನೋಡುವುದನ್ನು ದೊಡ್ಡಕ್ಕ ಬೇಲಿಯಾಚೆಯಿಂದ ನೋಡಿದಳು. ತಾತ ತಕ್ಕಡಿ ಬಿಚ್ಚುವ ಮುನ್ನ ಅದರ ಸುತ್ತ ನಡೆಯುವುದೂ ಹಾಗೆಯೇ. ಮನೆಗೆ ಬಂದವಳು ತಾನಾಗಿ ಆ ಹಳೆಯ ಕಾಗದ ಕೇಳಿ ತೆಗೆಸಿ ಸಹಿ ಹಾಕಿದಳು. ತಮ್ಮ ಧನ್ಯವಾದ ಹೇಳಲಿಲ್ಲ. ಕಾಗದವನ್ನು ಚಿನ್ನದ ತಕ್ಕಡಿಯ ಮೇಲಿಟ್ಟು ತೂಗಿದ. "ನೋಡಕ್ಕಾ, ಐದು ಗ್ರಾಂ. ಎರಡು ವರ್ಷ ಎತ್ತಕ್ಕಾಗ್ಲಿಲ್ವಲ್ಲ ನಿನಗೆ!" ಎಂದ. ಅವಳು ನಕ್ಕಳು. ನಕ್ಕರೂ ಆ ಎರಡು ವರ್ಷ ಎದೆಯಿಂದ ಇಳಿಯಲಿಲ್ಲ. ಆಗ ಅಡ್ಡ ಬರದಿದ್ದರೆ ಪುಟ್ಟಿ ಎಂದೋ ಪಾಸಾಗಿರುತ್ತಿದ್ದಳು. ತಮ್ಮ ಅದನ್ನು ಕಣ್ಣಾರೆ ನೋಡಿ ಹೋಗುತ್ತಿದ್ದ.

ಅದಕ್ಕೇ ಈ ದಿನ ಒಂದು ಸುಳ್ಳು ಹೇಳಿ ಆ ಋಣ ತೀರಿಸಲು ಅವಳು ಸಿದ್ಧಳಾಗಿದ್ದಳು.

ಒಂಬತ್ತೂವರೆಗೆ ಫೋನು ರಿಂಗಾಯಿತು. ಅಂಗಡಿಯಲ್ಲಿ ಕುಳಿತಿದ್ದ ನಾಲ್ಕಾರು ಜನ ಮಾತು ನಿಲ್ಲಿಸಿದರು. ಸೊಸೆ ಮೆಟ್ಟಿಲ ಮೇಲೆ ಕುಳಿತು ಬಾಯಿಗೆ ಬಟ್ಟೆ ಒತ್ತಿಕೊಂಡಳು. ದೊಡ್ಡಕ್ಕ ಗಂಟಲು ಸರಿಮಾಡಿಕೊಂಡು ಫೋನೆತ್ತಿದಳು.

"ತಾತಾ?"

"ನಾನು ಕಣೇ ಪುಟ್ಟಿ, ನಿನ್ನ ದೊಡ್ಡಜ್ಜಿ."

"ಓ, ದೊಡ್ಡಜ್ಜಿ! ಇವತ್ತು ಆಕಾಶ ನೋಡ್ಬೇಕು ನೀವು, ತೊಳೆದಿಟ್ಟ ಹಾಗಿದೆ. ಇನ್ನು ಅರ್ಧ ಗಂಟೆ. ಮುಳ್ಳು ನಡುವೆ ಇದೆಯಾ ಕೇಳಿ ತಾತನ್ನ."

ನಡುವೆ ಇದೆ ಎಂದುಬಿಟ್ಟಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಮಾತು ನಾಲಿಗೆಯ ತುದಿಗೆ ಬಂದಿತ್ತು. ಆದರೆ ನೋಡದೆ ಹೇಳುವುದು ಅವಳಿಂದ ಆಗಲಿಲ್ಲ. ತಮ್ಮ ಒಳಗೆ ಮಂಚದ ಮೇಲೆ ಮಲಗಿದ್ದ. ಅವನ ಅಂಗಡಿಯಲ್ಲಿ ನಿಂತು, ಅವನ ಫೋನು ಹಿಡಿದು, ತಿರುಗಿಯೂ ನೋಡದೆ ಹೇಳುವುದೆಂದರೆ!

"ತಾಳು, ನೋಡಿ ಬರ್ತೀನಿ," ಎಂದು ಫೋನನ್ನು ಮೇಜಿನ ಮೇಲಿಟ್ಟು ದೊಡ್ಡ ತಕ್ಕಡಿಯ ಬಳಿಗೆ ಹೋದಳು.

ಮುಳ್ಳು ನಡುವೆ ಇರಲಿಲ್ಲ. ಎಡಗಡೆಯ ತಟ್ಟೆಯಲ್ಲಿ ತಮ್ಮನ ಕನ್ನಡಕದ ಡಬ್ಬಿ ಇತ್ತು. ಬೆಳಗ್ಗೆ ಕನ್ನಡಕ ತೆಗೆದು ಹಾಕಿಕೊಂಡವನು ಡಬ್ಬಿಯನ್ನು ಅಲ್ಲೇ ಇಟ್ಟು ಮರೆತಿದ್ದ. ಜೀವಮಾನದಲ್ಲಿ ಆ ತಟ್ಟೆಯಲ್ಲಿ ಏನನ್ನೂ ಮರೆತವನಲ್ಲ. ದೊಡ್ಡಕ್ಕ ಡಬ್ಬಿಯನ್ನು ಎತ್ತಿಕೊಂಡಳು. ಮುಳ್ಳು ಅತ್ತ ಇತ್ತ ಆಡತೊಡಗಿತು. ಅದು ನಿಲ್ಲುವವರೆಗೆ ಕಾಯಬೇಕು.

ಕಾಯುತ್ತಿರುವಾಗ ಅವಳಿಗೆ ಕಳೆದ ರಜೆಯ ಮಾತು ನೆನಪಾಯಿತು. ಹಾರುವ ಮೊದಲು ತಾವೆಲ್ಲ ತುಂಬಬೇಕಾದ ಚೀಟಿಯೊಂದನ್ನು ಪುಟ್ಟಿ ತಾತನಿಗೆ ತೋರಿಸಿದ್ದಳು. ನಿದ್ದೆ ಆಗಿದೆಯೇ, ಹೊಟ್ಟೆಗೆ ತಿಂದಿದ್ದೀಯಾ, ಮಾತ್ರೆ ಏನಾದರೂ ನುಂಗಿದ್ದೀಯಾ, ಮನಸ್ಸಿಗೆ ಭಾರವಾಗುವ ಸುದ್ದಿ ಏನಾದರೂ ಇದೆಯೇ ಎಂದು ಅದರಲ್ಲಿ ಕೇಳಿದ್ದರು. ಕೆಳಗೆ ಅವಳೇ ಸಹಿ ಹಾಕಬೇಕು. ತಾತ ಆ ಚೀಟಿ ಓದಿ ಖುಷಿಪಟ್ಟಿದ್ದ. "ಇದು ನಮ್ಮ ಖಾಲಿ ತಟ್ಟೆ ನೋಡೋ ಹಾಗೇ ಇದೆಯಲ್ಲೇ! ಆದ್ರೆ ಒಂದು. ಕೆಲವರು ತಟ್ಟೆ ಅಡಿಗೆ ಮೇಣ ಅಂಟಿಸಿರ್ತಾರೆ. ಮೇಲಿಂದ ನೋಡಿದ್ರೆ ತಟ್ಟೆ ಖಾಲಿ. ತೂಗೋನಿಗೂ ಗೊತ್ತಿರಲ್ಲ, ಕೊಳ್ಳೋನಿಗೂ ಗೊತ್ತಿರಲ್ಲ. ಅಂಥ ಮೇಣ ಎಷ್ಟು ಕೆರೆದು ಬಿಸಾಕಿದೀನೋ ನಾನು!"

ಪುಟ್ಟಿ ಈಗ ಆ ಚೀಟಿಗೆ ಸಹಿ ಹಾಕಿರುತ್ತಾಳೆ. ಏನೂ ಇಲ್ಲ ಎಂದು ಬರೆದಿರುತ್ತಾಳೆ. ಅವಳ ತಟ್ಟೆಯ ಅಡಿಗೆ ಮೇಣ ಅಂಟಿಸುತ್ತಿರುವವಳು ನಾನು, ಎಂದುಕೊಂಡಳು ದೊಡ್ಡಕ್ಕ. ಅಂದು ಸಹಿ ಹಾಕದೆ ಅವಳ ಬದಲು ನಾನೇ ನಿರ್ಧಾರ ಮಾಡಿದೆ. ಇಂದು ಬಾಯಿ ಮುಚ್ಚಿಕೊಂಡು ಮತ್ತೆ ನಾನೇ ನಿರ್ಧಾರ ಮಾಡುತ್ತಿದ್ದೇನೆ.

ಮುಳ್ಳು ನಿಂತಿತು. ಅವಳು ಬಂದು ಫೋನೆತ್ತಿಕೊಂಡಳು.

"ಮುಳ್ಳು ನಡುವೆ ಇದೆ ಪುಟ್ಟಿ. ನಾನೇ ನೋಡಿದೆ."

"ನೀವ್ಯಾಕೆ ನೋಡಿದ್ರಿ? ತಾತ ಎಲ್ಲಿ?"

"ಎಲ್ಲಾದ್ರೂ ಕೂತ್ಕೊಂಡಿದ್ದೀಯಾ ಮಗು?"

ಆ ಕಡೆ ದೂರದಲ್ಲಿ ಯಾವುದೋ ಎಂಜಿನ್ ಗುಂಯ್‌ಗುಟ್ಟುತ್ತಿತ್ತು.

"ತಾತ ಬೆಳಗ್ಗೆ ತೀರಿಕೊಂಡ ಪುಟ್ಟಿ. ಕುರ್ಚೀಲಿ ಕೂತ ಹಾಗೇ. ನೋವು ಪಡಲಿಲ್ಲ. ನಿನಗೆ ಹೇಳ್ಬಾರ್ದು ಅಂತಿದ್ದೆ. ಆಗ್ಲಿಲ್ಲ. ಹಾರೋದು ಬಿಡೋದು ನಿನಗೆ ಬಿಟ್ಟಿದ್ದು. ಏನು ಮಾಡಿದ್ರೂ ನಾವ್ಯಾರೂ ಒಂದು ಮಾತು ಆಡಲ್ಲ."

ಪುಟ್ಟಿ, "ಅಮ್ಮ ಹೇಗಿದಾಳೆ?" ಎಂದಳು. ಆಮೇಲೆ, "ಫೋನಿಡ್ತೀನಿ ದೊಡ್ಡಜ್ಜಿ. ಚೀಟಿ ವಾಪಸ್ ತಗೋಬೇಕು" ಎಂದಳು.

ಸೊಸೆ ಮೆಟ್ಟಿಲಿನಿಂದ ಎದ್ದು ನಿಂತಿದ್ದಳು. ಅವಳ ಮುಖ ನೋಡಲು ದೊಡ್ಡಕ್ಕನಿಗೆ ಧೈರ್ಯವಾಗಲಿಲ್ಲ.

"ಎರಡು ವರ್ಷ ಅಡ್ಡ ನಿಂತ್ರಿ," ಎಂದಳು ಸೊಸೆ ಮೆಲ್ಲನೆ. "ಅದು ಸಾಲ್ದು ಅಂತ ಇವತ್ತೂ ನಿಂತ್ರಲ್ಲ ಅತ್ತೆ."

ದೊಡ್ಡಕ್ಕ ಒಳಗೆ ಹೋಗಿ ದೀಪದ ಬತ್ತಿ ಸರಿಮಾಡಿ ತಮ್ಮನ ಪಕ್ಕ ಕುಳಿತಳು. "ತಪ್ಪು ಮಾಡಿದ್ನೇನೋ?" ಎಂದು ಅವನನ್ನೇ ಕೇಳಿದಳು.

ಎರಡು ಗಂಟೆಯ ಹೊತ್ತಿಗೆ ಪುಟ್ಟಿ ಬಂದಳು. ಮೂಟೆ ಯಾರದೋ ಕಾರು ಕೇಳಿ ತೆಗೆದುಕೊಂಡು ಅವಳನ್ನು ಕರೆತಂದಿದ್ದ. ಅವಳು ಸಮವಸ್ತ್ರದಲ್ಲೇ ಇದ್ದಳು. ತಾತನ ಬಳಿ ಮಂಡಿಯೂರಿ ಅವನ ಕೈಯನ್ನು ಎರಡೂ ಕೈಯಲ್ಲಿ ಹಿಡಿದು ಕುಳಿತಳು. ಬೆರಳುಗಳ ಸಂದಿಯಲ್ಲಿ ಎಂದೂ ಹೋಗದ ಹಿತ್ತಾಳೆಯ ಹಸಿರು ಕಲೆಯನ್ನು ಒಂದೊಂದಾಗಿ ಸವರಿದಳು.

ಮೂಟೆ ಬಾಗಿಲ ಬಳಿ ನಿಂತು ಸೊಸೆಗೆ ನಡೆದದ್ದನ್ನು ಹೇಳಿದ. ಪುಟ್ಟಿ ನೇರವಾಗಿ ಕ್ಯಾಪ್ಟನ್ ಬಳಿ ಹೋಗಿ, ಚೀಟಿ ತಪ್ಪಾಗಿದೆ, ಇವತ್ತು ನಾನು ಹಾರುವುದಿಲ್ಲ ಎಂದಳಂತೆ. ಪರೀಕ್ಷಕರು ತಿಂಗಳ ಕೊನೆಯ ದಿನದವರೆಗೆ ಅಲ್ಲಿಯೇ ಇರುವವರು. ಆದರೆ ಪರೀಕ್ಷೆಯ ಸರದಿಗಳೆಲ್ಲ ಬೇರೆಯವರಿಗೆ ಹಂಚಿಹೋಗಿದ್ದವು.

"ಕೊನೇ ದಿನ ನನ್ನದಿತ್ತು ಆಂಟಿ. ಅವಳಿಗೆ ಕೊಟ್ಟಿದೀನಿ. ನನ್ನ ಪತ್ರಿಕೆಗಳಿಗೆ ಇನ್ನೂ ಒಂದು ವರ್ಷ ಟೈಮಿದೆ."

"ನೀನ್ಯಾಕಪ್ಪಾ ಕೊಟ್ಟೆ?" ಎಂದಳು ಸೊಸೆ, ದನಿ ಒಡೆದು.

"ತಾತನಿಗೆ ಎಂಟೂವರೆ ಕಿಲೋ ಇಳಿಸ್ತೀನಿ ಅಂತ ಮಾತು ಕೊಟ್ಟಿದ್ದೆ ಆಂಟಿ. ಇಳಿಸಿಲ್ಲ," ಎಂದು ಮೂಟೆ ನಗಲು ಹೋದ. ನಗು ಅರ್ಧಕ್ಕೇ ನಿಂತಿತು. ಗೋಡೆಯ ಕಡೆ ತಿರುಗಿಕೊಂಡ.

ಸಂಜೆಯೊಳಗೆ ತಮ್ಮನನ್ನು ಕಳಿಸಿಕೊಟ್ಟರು. ಮಾರ್ಕೆಟ್ಟಿನ ತರಕಾರಿಯವರು, ಚಿನ್ನದಂಗಡಿಯವರು, ಗೋದಾಮಿನವರು ಎಲ್ಲರೂ ಬಂದಿದ್ದರು. ಅವನಿಂದ ಬೈಸಿಕೊಂಡವರೇ ಹೆಚ್ಚು.

ಮರುದಿನವೆಲ್ಲ ಪುಟ್ಟಿ ಮಲಗಿದಳು, ಅತ್ತಳು, ಅಮ್ಮ ಕಲಸಿ ಕೊಟ್ಟದ್ದನ್ನು ತಿಂದಳು. ಸಂಜೆ ದೊಡ್ಡಜ್ಜಿಯ ತೊಡೆಯ ಮೇಲೆ ತಲೆಯಿಟ್ಟು, "ನೀವು ಹೇಳದೇ ಇದ್ದಿದ್ರೆ ನಾನು ಹಾರಿರ್ತಿದ್ದೆ. ಪಾಸೂ ಆಗಿರ್ತಿದ್ದೆನೇನೋ. ಆಮೇಲೆ ಪ್ರತೀ ಸಲ ಫೋನಿನಲ್ಲಿ ನೀವು ಹೇಳಿದ್ದು ನಿಜಾನೋ ಸುಳ್ಳೋ ಅಂತ ಯೋಚಿಸ್ಬೇಕಾಗ್ತಿತ್ತು" ಎಂದಳು. ಸೊಸೆ ಬಾಗಿಲಲ್ಲಿ ನಿಂತು ಕೇಳಿಸಿಕೊಂಡಳು. ಹೋಗಿ ದೊಡ್ಡಕ್ಕನಿಗೂ ಒಂದು ಲೋಟ ಚಹಾ ತಂದಿಟ್ಟಳು. ಹಿಂದಿನ ದಿನದಿಂದ ಅವಳಿಗೆ ಯಾರೂ ಚಹಾ ಕೊಟ್ಟಿರಲಿಲ್ಲ.

ಕತ್ತಲಾಗುವ ಮೊದಲೇ ಮೂಟೆ ಕಾರು ತಂದ. ಪುಟ್ಟಿ ತಕ್ಕಡಿಯ ತಟ್ಟೆಯನ್ನು ಒಮ್ಮೆ ಮುಟ್ಟಿ ಹಾರಾಟದ ಶಾಲೆಗೆ ಹೊರಟಳು.

ಮೂರನೆಯ ದಿನ ಬೆಳಗ್ಗೆ ದೊಡ್ಡಕ್ಕ ಅಭ್ಯಾಸ ತಪ್ಪದೆ ಎರಡು ಲೋಟ ಚಹಾ ಮಾಡಿಬಿಟ್ಟಿದ್ದಳು. ಎರಡನ್ನೂ ತಂದು ಮೇಜಿನ ಮೇಲಿಟ್ಟುಕೊಂಡು ತಮ್ಮನ ಕುರ್ಚಿಯ ಪಕ್ಕದ ಸ್ಟೂಲಿನ ಮೇಲೆ ಕುಳಿತಳು. ಸರಿಯಾಗಿ ಒಂಬತ್ತೂವರೆಗೆ ಫೋನು ರಿಂಗಾಯಿತು.

"ದೊಡ್ಡಜ್ಜಿ, ಮುಳ್ಳು ನಡುವೆ ಇದೆಯಾ?"

ಅವಳು ಎದ್ದು ಹೋಗಿ ನೋಡಿದಳು. ಒಂದು ತಟ್ಟೆಯ ಮೇಲೆ ಧೂಳು ಕುಳಿತಿತ್ತು. ಬಟ್ಟೆಯಿಂದ ಒರೆಸಿ, ಮುಳ್ಳು ನಿಲ್ಲುವವರೆಗೆ ಕಾದು, ಬಂದಳು.

"ಇದೆ."

"ನೋಡಿ ಹೇಳ್ತಿದ್ದೀರಾ?"

"ನೋಡಿ ಹೇಳ್ತಿದ್ದೀನಿ ಕಣೇ. ನನ್ನೇ ಪರೀಕ್ಷೆ ಮಾಡ್ತಾಳೆ ನೋಡು! ನಿಮ್ಮ ತಾತನ ಅಕ್ಕ ನಾನು."

ಪುಟ್ಟಿ ನಕ್ಕಳು. ಮೂರು ದಿನದಲ್ಲಿ ಆ ನಗು ಅದೇ ಮೊದಲು. "ಚೀಟಿ ತುಂಬಿದೀನಿ. ಮನಸ್ಸಿಗೆ ಭಾರ ಇದೆಯಾ ಅನ್ನೋ ಕಡೆ 'ಇದೆ, ಹೊರಬಲ್ಲೆ' ಅಂತ ಬರೆದೆ. ಕ್ಯಾಪ್ಟನ್ ಎರಡು ಸಲ ಓದಿದ್ರು. ನನ್ನ ಮುಖ ನೋಡಿದ್ರು. ಆಮೇಲೆ ಸಹಿ ಹಾಕಿದ್ರು."

"ಹೋಗಿ ಬಾ," ಎಂದಳು ದೊಡ್ಡಕ್ಕ.

ಆಮೇಲೆ ಸೊಸೆಯೂ ಬಂದು ಪಕ್ಕದಲ್ಲಿ ಕುಳಿತಳು. ಔಷಧಿ ಅಂಗಡಿಯವನು ಎರಡು ಸಲ ಬಂದು ಇಣುಕಿ ಹೋದ. ಹನ್ನೆರಡೂ ಹತ್ತಕ್ಕೆ ಫೋನು ಬಂತು. ಈ ಸಲ ಸೊಸೆಯೇ ಎತ್ತಿಕೊಂಡಳು.

"ಇಳಿದೆ ಅಮ್ಮಾ. ಪಾಸು." ಪುಟ್ಟಿಯ ದನಿ ದೊಡ್ಡಕ್ಕನಿಗೂ ಕೇಳಿಸಿತು.

ಸೊಸೆ ಫೋನು ಹಿಡಿದುಕೊಂಡೇ ಇನ್ನೊಂದು ಕೈಯನ್ನು ದೊಡ್ಡಕ್ಕನ ಕೈಯ ಮೇಲಿಟ್ಟಳು. ಬಹಳ ಹೊತ್ತು ತೆಗೆಯಲಿಲ್ಲ.

ದೊಡ್ಡಕ್ಕ ಒಳಗೆ ಹೋದಳು. ಖಾಲಿ ಮಂಚದ ತಲೆಗಡೆ ದೀಪ ಇನ್ನೂ ಉರಿಯುತ್ತಿತ್ತು. ಕನ್ನಡಕವನ್ನು ಅದರ ಡಬ್ಬಿಯಲ್ಲಿಟ್ಟು ಮುಚ್ಚಿ, ದೀಪದ ಪಕ್ಕದಲ್ಲಿಟ್ಟು, ಕೈ ಮುಗಿದಳು.

"ದೇವರೇ, ನನ್ನ ತಮ್ಮ ನಿನ್ನ ಹತ್ತಿರ ಬಂದಿದಾನೆ. ಮುಂಗೋಪಿ. ಬಾಯಿ ಜೋರು. ನಿನ್ನ ಮನೇಲಿ ತಕ್ಕಡಿ ಇದ್ರೆ ಮೊದಲು ಅದನ್ನೇ ಬಗ್ಗಿ ನೋಡ್ತಾನೆ, ನೀನು ಬೇಜಾರು ಮಾಡ್ಕೋಬೇಡ. ಎಪ್ಪತ್ತು ವರ್ಷದಲ್ಲಿ ಯಾರ ತಟ್ಟೆಗೂ ಬೆರಳು ಇಟ್ಟೋನಲ್ಲ ಅವನು. ಇಲ್ಲಿ ಅವನ ಕೆಲಸ ಮುಗೀತು. ಮಗು ಹಾರಿತು, ಸುಖವಾಗಿ ಇಳೀತು. ಅದನ್ನ ಅವನಿಗೆ ಹೇಳು. ಅವನ ದಣಿದ ಕೈಗಳಿಗೆ ವಿಶ್ರಾಂತಿ ಕೊಡು. ಅವನ ಆತ್ಮಕ್ಕೆ ಶಾಂತಿ ಕೊಡು ತಂದೆ, ಶಾಂತಿ ಕೊಡು."